ಹತ್ತು ನಿಮಿಷದ ನಾಟಕಕ್ಕೆ ಎಂಟು ದೃಶ್ಯ ಯಾಕೆ?

ಪ್ರೌಢಶಾಲೆ ಮಕ್ಕಳ ಕಿರುನಾಟಕ ರಚನಾ ಸ್ಪರ್ಧೆ ಬಗ್ಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಪ್ರಶ್ನೆಗಳು ಬಂದಿವೆ. ಮಕ್ಕಳಿಗೆ ನಾಟಕ ಆಡಿಸುವ, ಇಂಥ ಸ್ಪರ್ಧೆಗಳ ತೀರ್ಪುಗಾರರಾಗಿಯೂ ಕೂರುವ ರಂಗಕರ್ಮಿಯೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನವಳು, ಒಂಬತ್ತನೇ ತರಗತಿ. ಕಿರುನಾಟಕ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ಹತ್ತು ನಿಮಿಷ ಮೀರಬಾರದು, ನಾಲ್ಕು ಪಾತ್ರಕ್ಕಿಂತ ಜಾಸ್ತಿ ಇರಬಾರದು ಅಂತ ನಿಯಮ. ನಮ್ಮ ಊರಿನ ನೀರಿನ ಕಷ್ಟದ ಬಗ್ಗೆ ಬರೆಯುತ್ತಿದ್ದೇನೆ. ತಾತನ ಕಾಲದಲ್ಲಿ ಕೆರೆ ತುಂಬಿತ್ತು, ಆಮೇಲೆ ಬಾವಿ ಬತ್ತಿತು, ಈಗ ಬೋರ್‌ವೆಲ್‌ನಲ್ಲೂ ನೀರಿಲ್ಲ. ಇದಕ್ಕೇ ಎಂಟು ದೃಶ್ಯ ಆಗಿವೆ. ಕೊನೆಗೆ ಒಬ್ಬರು ಮೇಷ್ಟ್ರು ಬಂದು ಮಳೆನೀರು ಕೊಯ್ಲಿನ ಬಗ್ಗೆ ಮಾತಾಡುತ್ತಾರೆ. ಹೀಗೆ ಬರೆದರೆ ಬಹುಮಾನ ಬರುತ್ತಾ?

ವಿಷಯ ಒಳ್ಳೆಯದು, ಅದನ್ನು ಬಿಡಬೇಡ. ಆದರೆ ಲೆಕ್ಕ ಹಾಕಿ ನೋಡಮ್ಮ. ಹತ್ತು ನಿಮಿಷಕ್ಕೆ ಎಂಟು ದೃಶ್ಯ ಅಂದರೆ ಒಂದಕ್ಕೆ ಒಂದೂಕಾಲು ನಿಮಿಷ. ಅದರಲ್ಲಿ ದೀಪ ಆರಿಸಿ, ಕುರ್ಚಿ ಎತ್ತಿಟ್ಟು, ಮತ್ತೆ ದೀಪ ಹಾಕುವ ಹೊತ್ತನ್ನೂ ಕಳೆಯಬೇಕು. ನಿನ್ನ ಪಾತ್ರಗಳು ಬಂದು, ಒಂದು ಮಾತಾಡಿ, ಹೋಗುತ್ತವೆ. ಯಾರ ಮುಖವೂ ನೆನಪಿರುವುದಿಲ್ಲ.

ಮೂರು ತಲೆಮಾರಿನ ಕಥೆ ಹೇಳುವ ಬದಲು ಒಂದು ರಾತ್ರಿಯನ್ನು ತಗೋ. ನಿಮ್ಮ ಹೊಲಕ್ಕೆ ಬೋರ್ ಕೊರೆಯುವ ಲಾರಿ ಬಂದ ರಾತ್ರಿ. ತಮಿಳುನಾಡಿನ ತಿರುಚೆಂಗೋಡು ಕಡೆಯ ಲಾರಿಗಳನ್ನು ನೀನೂ ನೋಡಿರುತ್ತೀಯ. ನೀರಿನ ಪಾಯಿಂಟ್ ತೋರಿಸುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ, ಇಲ್ಲೇ ಅಂತ ಹೇಳಿ, ಹಣ ಇಸ್ಕೊಂಡು ಹೋಗಿಯಾಗಿದೆ. ಅಡಿಗೆ ಇಷ್ಟು ಅಂತ ದರ. ಕೊರೆದಷ್ಟೂ ಬಿಲ್ಲು ಏರುತ್ತದೆ. ಒಂಬೈನೂರು ಅಡಿ ದಾಟಿದೆ, ಮೇಲೆ ಬರುತ್ತಿರುವುದು ಬರೀ ಧೂಳು. ಅಪ್ಪನಿಗೆ ಇನ್ನೂ ಕೊರೆಸಬೇಕು. ಅಮ್ಮ ನಿನ್ನ ಹಾಸ್ಟೆಲ್ ಫೀಸಿಗೆ ಅಂತ ಒಂದಿಷ್ಟು ದುಡ್ಡನ್ನು ಟ್ರಂಕಿನಲ್ಲಿ ಇಟ್ಟಿದ್ದಾಳೆ. ಅದು ಅಪ್ಪನಿಗೂ ಗೊತ್ತು. ಅಪ್ಪ, ಅಮ್ಮ, ನಿನ್ನಂಥ ಒಬ್ಬ ಮಗಳು, ಲಾರಿಯ ಜೊತೆ ಬಂದ ಬೋರ್ ಕೊರೆಯುವ ಹುಡುಗ, ನಾಲ್ಕೇ ಪಾತ್ರ. ಇಷ್ಟಿದ್ದರೆ ಸಾಕು, ನಾಟಕ ಶುರು ಮಾಡಬಹುದು.

ಹುಡುಗ: ಒಂಬೈನೂರಾ ಐವತ್ತಾಯ್ತಣ್ಣ. ಧೂಳೇ ಬರ್ತಿದೆ. ಏನ್ ಮಾಡ್ಲಿ?
ಅಪ್ಪ: ಇನ್ನೊಂದು ನೂರಡಿ ಹೊಡಿ.
ಅಮ್ಮ: ದುಡ್ಡು?
ಅಪ್ಪ: (ಅವಳ ಕಡೆ ನೋಡದೆ, ಹುಡುಗನಿಗೆ) ಹೊಡಿ ಅಂದ್ನಲ್ಲ.

ಬರಗಾಲ ಅನ್ನುವ ಮಾತೇ ಇಲ್ಲಿ ಬಂದಿಲ್ಲ. ಆದರೂ ನೋಡುವವರಿಗೆ ಎಲ್ಲ ಗೊತ್ತಾಗುತ್ತದೆ. ಒಬ್ಬರಿಗೆ ಏನೋ ಬೇಕು, ಇನ್ನೊಬ್ಬರು ಅದನ್ನು ಕೊಡಲಾರರು, ಹೊತ್ತು ಓಡುತ್ತಿದೆ. ಕಿರುನಾಟಕ ನಿಲ್ಲುವುದು ಇದರ ಮೇಲೆ. ಕೆರೆ ತುಂಬಿದ್ದ ಕಾಲವನ್ನೂ ಹೇಳಲೇಬೇಕು ಅನ್ನಿಸಿದರೆ ಅಮ್ಮನ ಬಾಯಲ್ಲಿ ಒಂದು ಸಾಲು ಹಾಕು: ‘ಈ ಬಾವೀಲಿ ಕಣೇ ನಿಮ್ಮ ತಾತ ಈಜು ಕಲಿತಿದ್ದು.’ ನಿನ್ನ ಮೊದಲ ಮೂರು ದೃಶ್ಯದ ಕೆಲಸ ಆ ಸಾಲಿನಲ್ಲೇ ಮುಗಿಯಿತು.

ಲಾರಿಯನ್ನು ರಂಗದ ಮೇಲೆ ತರಬೇಡ, ಅದರ ಸದ್ದನ್ನು ತಾ. ಆ ಸದ್ದಿನ ಮೇಲೆ ಎಲ್ಲರೂ ಕೂಗಿ ಮಾತಾಡಬೇಕಾಗುತ್ತದೆ, ಮನೆಯ ಗುಟ್ಟನ್ನು ಕೂಡ. ಹೊರಗಿನವನಾದ ಆ ಹುಡುಗನಿಗೂ ಟ್ರಂಕಿನ ವಿಷಯ ಕೇಳಿಸುತ್ತದೆ. ಆಮೇಲೆ ಯಾವುದೋ ಕಾರಣಕ್ಕೆ ಲಾರಿ ನಿಲ್ಲಲಿ. ಇಷ್ಟು ಹೊತ್ತು ಕೂಗಾಡಿದವರು ಈಗ ಮೆಲ್ಲಗೆ ಮಾತಾಡಬೇಕು. ಮುಖ್ಯವಾದ ಮಾತನ್ನು ಅಲ್ಲಿಗೆ ಉಳಿಸಿಕೋ. ಇಂಥ ಜಾಗ ಸಿಕ್ಕರೆ ನಟರು ಬಿಡುವುದಿಲ್ಲ, ತೀರ್ಪುಗಾರರೂ ಪುಟದ ಅಂಚಿನಲ್ಲಿ ಗುರುತು ಹಾಕುತ್ತಾರೆ.

ಮೇಷ್ಟ್ರ ಭಾಷಣ ಪೂರ್ತಿ ತೆಗೆದುಬಿಡು. ಮಕ್ಕಳ ಬರವಣಿಗೆ ಅಂದರೆ ಕೊನೆಗೆ ಸಂದೇಶ ಇರಲೇಬೇಕು ಅಂತ ಯಾರು ಕಲಿಸಿದರೋ ಕಾಣೆ. ನೀರು ಉಕ್ಕಿ ಎಲ್ಲರೂ ಕುಣಿಯುವ ಕೊನೆಯೂ ಬೇಡ. ಅಪ್ಪ ಸಾಯುವ ಕೊನೆಯಂತೂ ಖಂಡಿತ ಬೇಡ. ರೈತನ ನಾಟಕ ಅಂದ ಕೂಡಲೇ ಹಗ್ಗ ತರುವುದು ಬರೆಯುವವರ ಸೋಮಾರಿತನ ಅಂತಲೇ ನನ್ನ ಅಭಿಪ್ರಾಯ. ನಿನ್ನ ನಾಟಕದಲ್ಲಿ ಕೊನೆಯ ಕೆಲಸ ಮಾಡಬೇಕಾದವಳು ಆ ಹುಡುಗಿ. ಅವಳೇ ದುಡ್ಡು ತಂದು ಅಪ್ಪನ ಕೈಗೆ ಕೊಡುತ್ತಾಳಾ? ಟ್ರಂಕಿಗೆ ಬೀಗ ಹಾಕಿ ಕೀಲಿ ಕೈ ಅಮ್ಮನಿಗೆ ಕೊಡುತ್ತಾಳಾ? ಬೋರ್ ಹುಡುಗನಿಗೆ ‘ನಿಲ್ಸಿ ಅಣ್ಣ’ ಅನ್ನುತ್ತಾಳಾ? ಅದು ನಿನಗೆ ಬಿಟ್ಟಿದ್ದು. ಮೊದಲ ನಿಮಿಷದಲ್ಲಿ ಅವಳು ಮಾಡಲಾರದ ಕೆಲಸವನ್ನು ಹತ್ತನೇ ನಿಮಿಷದಲ್ಲಿ ಮಾಡಿದರೆ ಸಾಕು.

ಬರೆಯುವ ಕ್ರಮ ಕಷ್ಟ ಅಲ್ಲ. ಮೊದಲು ಹೆಸರು, ಆಮೇಲೆ ಪಾತ್ರಗಳು, ವಯಸ್ಸು, ಜಾಗ, ಹೊತ್ತು. ಮಾತಾಡುವವರ ಹೆಸರು ಎಡಗಡೆ, ಮಾತು ಅದರ ಮುಂದೆ. ಏನು ಮಾಡುತ್ತಾರೆ ಅನ್ನುವುದು ಆವರಣದಲ್ಲಿ, ಚಿಕ್ಕದಾಗಿ. ಆವರಣದೊಳಗೆ ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಮಾತ್ರ ಇರಲಿ. ‘ಅವಳ ಮನಸ್ಸಿನಲ್ಲಿ ನೂರಾರು ಯೋಚನೆ’ ಅಂತ ಬರೆದರೆ ನಟಿ ಪಾಪ ಏನು ಮಾಡಬೇಕು? ‘ಟ್ರಂಕಿನ ಮೇಲೆ ಕೂರುತ್ತಾಳೆ’ ಅಂತ ಬರಿ, ಅವಳು ಕೂರುತ್ತಾಳೆ.

ಬರೆದಾದ ಮೇಲೆ ಗೆಳತಿಯರನ್ನು ಸೇರಿಸಿಕೊಂಡು ಎದ್ದು ನಿಂತು, ಓಡಾಡುತ್ತಾ, ಗಟ್ಟಿಯಾಗಿ ಓದಿ. ಮೊಬೈಲಿನಲ್ಲಿ ಸಮಯ ನೋಡಿ. ಪುಟಕ್ಕೆ ಒಂದು ನಿಮಿಷ ಅನ್ನುವ ಅಂದಾಜು ಲೆಕ್ಕ ಇದೆ, ಆದರೆ ಕೈಬರಹಕ್ಕೆ ಅದು ಹೊಂದುವುದಿಲ್ಲ. ಓದಿದಾಗ ಎಂಟು ನಿಮಿಷ ಬಂದರೆ ಸರಿ. ಆಡುವಾಗ ಮೌನಕ್ಕೆ, ನಗುವಿಗೆ, ನಡೆಯುವುದಕ್ಕೆ ಉಳಿದ ಹೊತ್ತು ಹೋಗುತ್ತದೆ. ಯಾವ ಸಾಲಿನಲ್ಲಿ ಗೆಳತಿಯ ನಾಲಿಗೆ ತೊಡರುತ್ತದೋ ಆ ಸಾಲು ತಿದ್ದು.

ಬಹುಮಾನ ಬರುತ್ತಾ ಅಂತ ಕೇಳಿದ್ದೀಯ. ಅದನ್ನು ನಾನು ಹೇಳಲಾರೆ. ಆದರೆ ಇಂಥ ನಾಟಕದ ಮೊದಲ ಪುಟ ಓದಿದ ತೀರ್ಪುಗಾರ ಎರಡನೇ ಪುಟ ತಿರುಗಿಸುತ್ತಾನೆ.

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ಕನ್ನಡ ಶಿಕ್ಷಕಿ ನಾನು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ನಾಟಕ ಬರೆಯಿರಿ ಅಂದರೆ ಪಠ್ಯಪುಸ್ತಕದ ಕನ್ನಡ ಬರೆಯುತ್ತಾರೆ. ಮನೆಮಾತು ಬೆರೆಸಿದರೆ ಅಂಕ ಕಡಿಮೆ ಆಗುತ್ತದೆಯೇ?

ಸ್ಪರ್ಧೆಯ ನಿಯಮದಲ್ಲಿ ಶಿಷ್ಟ ಕನ್ನಡವೇ ಬೇಕು ಅಂತ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ಧೈರ್ಯವಾಗಿ ಬರೆಸಿ ಮೇಡಂ. ‘ಅಜ್ಜಿ, ನಾನು ಅಂಗಡಿಗೆ ತೆರಳುತ್ತಿದ್ದೇನೆ’ ಅಂತ ಕೋಲಾರ ಜಿಲ್ಲೆಯಲ್ಲಿ ಯಾವ ಹುಡುಗನೂ ಹೇಳಿಲ್ಲ. ನಾಟಕಕಾರ ಟಿ.ಪಿ. ಕೈಲಾಸಂ ಮನೆಯೊಳಗಿನ ಆಡುಮಾತನ್ನು, ಇಂಗ್ಲಿಷ್ ಬೆರೆತ ಮಾತನ್ನು ಹಾಗೇ ರಂಗಕ್ಕೆ ತಂದು ಸುಮಾರು ನೂರು ವರ್ಷ ಆಯಿತು. ನಾವಿನ್ನೂ ಹೆದರುತ್ತಿದ್ದೇವೆ.

ಆದರೆ ತುಮಕೂರಿನ ತೀರ್ಪುಗಾರರಿಗೆ ತೆಲುಗು ಬರದೇ ಇರಬಹುದು. ಅದಕ್ಕೂ ದಾರಿ ನಿಮ್ಮ ಊರಿನಲ್ಲೇ ಇದೆ. ಅಜ್ಜಿ ತೆಲುಗಿನಲ್ಲಿ ಕೇಳುತ್ತಾಳೆ, ಮೊಮ್ಮಗ ಕನ್ನಡದಲ್ಲಿ ಉತ್ತರ ಕೊಡುತ್ತಾನೆ. ‘ಯಾಡಿಕಿ ಪೋತಾವ್ ರಾ?’ ‘ಎಲ್ಲೂ ಇಲ್ಲ ಅಜ್ಜಿ, ಇಲ್ಲೇ ಅಂಗಡಿಗೆ.’ ಪ್ರಶ್ನೆ ಅರ್ಥವಾಗದವರಿಗೂ ಉತ್ತರದಿಂದ ಅರ್ಥವಾಗುತ್ತದೆ. ಮೇಲಾಗಿ ಇಬ್ಬರ ಸಂಬಂಧವೂ ಕಾಣುತ್ತದೆ. ನಿಮ್ಮ ಕಡೆ ದಿನಾ ನಡೆಯುವುದೇ ಹೀಗೆ ಅಲ್ವಾ?

ಒಂದು ಎಚ್ಚರಿಕೆ ಮಾತ್ರ. ತೆಲುಗು ಮಾತಾಡುವವರನ್ನೋ, ಹಳ್ಳಿಯವರನ್ನೋ ನಗಿಸುವುದಕ್ಕೆ ಮಾತ್ರ ಇಟ್ಟುಕೊಂಡು, ನಾಯಕನ ಬಾಯಿಗೆ ಅಚ್ಚ ಕನ್ನಡ ಹಾಕಬೇಡಿ. ಮಕ್ಕಳು ಟಿವಿ ನೋಡಿ ಇದನ್ನು ಕಲಿತಿರುತ್ತಾರೆ. ಅದನ್ನು ಬಿಡಿಸುವುದು ನಿಮ್ಮ ಕೆಲಸ.

ಪ್ರಶ್ನೆ: ಗುಬ್ಬಿ ತಾಲ್ಲೂಕು, ಹತ್ತನೇ ತರಗತಿ. ನಮ್ಮ ತಾತ ಊರ ನಾಟಕದಲ್ಲಿ ದುರ್ಯೋಧನನ ಪಾತ್ರ ಮಾಡುತ್ತಾರೆ. ನಾನೂ ಕುರುಕ್ಷೇತ್ರದ ಒಂದು ಭಾಗವನ್ನು ಹಾಡು, ಕಂದಪದ್ಯ ಸೇರಿಸಿ ಹತ್ತು ನಿಮಿಷಕ್ಕೆ ಇಳಿಸಿ ಬರೆಯಬಹುದಾ?

ಬರೆಯಬಹುದಪ್ಪ, ಆದರೆ ಗೆಲ್ಲುವುದು ಕಷ್ಟ. ನಮ್ಮ ಕಡೆಯ ಪೌರಾಣಿಕ ನಾಟಕ ರಾತ್ರಿಯಿಡೀ ನಡೆಯುವಂಥದ್ದು. ದುರ್ಯೋಧನ ಬರುವುದಕ್ಕೇ ಒಂದು ಹಾಡು ಬೇಕು, ಜನ ಒನ್ಸ್ ಮೋರ್ ಅಂದರೆ ಮತ್ತೊಮ್ಮೆ ಹಾಡಬೇಕು. ಹಾರ್ಮೋನಿಯಂ ಮೇಷ್ಟ್ರು ಕಾಲು ಪೆಡಲ್ ಮೇಲೆ ಇಡುವಷ್ಟರಲ್ಲಿ ನಿನ್ನ ಹತ್ತು ನಿಮಿಷ ಮುಗಿದಿರುತ್ತದೆ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆ ಊರಿನ ಹುಡುಗ ನೀನು. ಅದನ್ನು ಕುಗ್ಗಿಸಲು ಹೋಗಬೇಡ.

ಪರದೆಯ ಮುಂದಿನ ಕುರುಕ್ಷೇತ್ರ ಎಲ್ಲರಿಗೂ ಗೊತ್ತು. ಹಿಂದಿನದು ನಿನಗೆ ಮಾತ್ರ ಗೊತ್ತು. ಅರ್ಧ ಬಣ್ಣ ಹಚ್ಚಿಕೊಂಡು ಕೂತ ತಾತ, ಬಾಡಿಗೆಗೆ ತಂದ ಕಿರೀಟ, ಇನ್ನೂ ಬಾರದ ಭೀಮ. ಪಾತ್ರ ಬೇಕು ಅಂದರೆ ಇಷ್ಟು ಅಂತ ಹಣ ಹಾಕಬೇಕು ಅನ್ನುವ ಪದ್ಧತಿ ಎಷ್ಟೋ ಊರಲ್ಲಿದೆ. ನಿನ್ನ ತಾತನೂ ಹಾಕಿರಬಹುದು, ಮನೆಯಲ್ಲಿ ಜಗಳವೂ ಆಗಿರಬಹುದು. ತಾತನನ್ನೇ ಕೇಳು. ಈ ಸಲ ದುರ್ಯೋಧನ ನಾನೇ ಅಂತ ಇನ್ನೊಬ್ಬ ಹೆಚ್ಚು ದುಡ್ಡು ಹಿಡಿದುಕೊಂಡು ಬಂದರೆ? ಗದೆ ಯಾರ ಕೈಗೆ ಹೋಗುತ್ತದೆ? ಅಲ್ಲಿ ಒಂದು ಹಾಡಿನ ಎರಡು ಸಾಲು ತಾತನ ಬಾಯಲ್ಲಿ ಬಂದರೆ ಅದಕ್ಕೆ ತೂಕ ಬರುತ್ತದೆ. ಆ ಸಾಲನ್ನೂ ನೀನೇ ಕಟ್ಟು, ಅಚ್ಚಾದ ನಾಟಕದಿಂದ ಎತ್ತಬೇಡ.

ಪ್ರಶ್ನೆ: ಮಾಲೂರಿನವನು. ಮಾಸ್ತಿಯವರು ನಮ್ಮ ತಾಲ್ಲೂಕಿನವರೇ. ಅವರ ಒಂದು ಸಣ್ಣಕಥೆಯನ್ನು ನನ್ನ ಮಗಳು ನಾಟಕ ಮಾಡಿ ಸ್ಪರ್ಧೆಗೆ ಕಳಿಸಬಹುದೇ?

ಅನುಮತಿ ಇಲ್ಲದೆ ಬೇಡ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಯ ಹಕ್ಕು ಅವರ ವಾರಸುದಾರರದ್ದು ಅಥವಾ ಹಕ್ಕು ಪಡೆದವರದ್ದು. ಮಾಸ್ತಿಯವರು ತೀರಿಕೊಂಡಿದ್ದು 1986ರಲ್ಲಿ. ಅಂದರೆ 2046ರ ಕೊನೆಯವರೆಗೂ ಹಕ್ಕು ಇರುತ್ತದೆ. ಕಥೆಯನ್ನು ನಾಟಕಕ್ಕೆ ತಿರುಗಿಸುವುದಕ್ಕೂ ಅದು ಅನ್ವಯಿಸುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ವಿಷಯದಲ್ಲಿ ಈ ಅವಧಿ ಮುಗಿದಿದೆ.

ಅನುಮತಿ ಸಿಕ್ಕರೂ ‘ಸ್ವಂತ ರಚನೆ’ ಅಂತ ನಿಯಮ ಇದ್ದರೆ ರೂಪಾಂತರ ತಗೊಳ್ಳುವುದಿಲ್ಲ. ಊರಲ್ಲಿ ಹೇಳುವ ಅಜ್ಜಿಕಥೆ ಆದರೆ ತೊಂದರೆ ಇಲ್ಲ. ಅದನ್ನು ಯಾರದೋ ಪುಸ್ತಕದಿಂದ ಮಾತಿಗೆ ಮಾತು ಇಳಿಸಬಾರದು ಅಷ್ಟೆ. ಸಿನಿಮಾ ಹಾಡನ್ನೂ ನಾಟಕದಲ್ಲಿ ತುರುಕದಿರುವುದು ಒಳ್ಳೆಯದು.

ಪ್ರಶ್ನೆ: ಗೌರಿಬಿದನೂರಿನಿಂದ ಒಬ್ಬ ತಾಯಿ. ಮಗ ಬರೆದಿದ್ದಾನೆ, ತುಂಬ ತಪ್ಪಿದೆ. ನಾನೇ ತಿದ್ದಿ ಬರೆದುಕೊಡಲಾ? ಅಕ್ಕನ ಮಗಳು ಎಐಗೆ ಕೊಟ್ಟರೆ ಐದು ನಿಮಿಷದಲ್ಲಿ ಚೆಂದ ಮಾಡುತ್ತೆ ಅಂತಾಳೆ. ಕಳಿಸುವುದು ಹೇಗೆ ಅಂತಲೂ ತಿಳಿಸಿ.

ಕಾಗುಣಿತ ತಪ್ಪಿದ್ದರೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಡಿ, ಅವನೇ ತಿದ್ದಲಿ. ಮಾತುಗಳನ್ನು ಮುಟ್ಟಬೇಡಿ. ಹದಿನೈದು ವರ್ಷದ ಹುಡುಗನ ನಾಟಕದಲ್ಲಿ ನಲವತ್ತು ವರ್ಷದವರ ಮಾತು ಬಂದರೆ ಎರಡು ಪುಟದಲ್ಲೇ ಗೊತ್ತಾಗುತ್ತದೆ. ಎಐ ಬರೆದದ್ದೂ ಹಾಗೇ. ಎಲ್ಲರೂ ಒಂದೇ ಥರ, ಪೂರ್ತಿ ವಾಕ್ಯದಲ್ಲಿ, ಬಹಳ ಒಳ್ಳೆಯವರಾಗಿ ಮಾತಾಡುತ್ತಾರೆ. ‘ಇದು ನನ್ನದೇ’ ಅಂತ ಸಹಿ ಹಾಕಿಸಿಕೊಂಡಿದ್ದರೆ ಅದು ಸುಳ್ಳೂ ಆಗುತ್ತದೆ. ನೀವು ನಿಜವಾಗಿ ಸಹಾಯ ಮಾಡಬೇಕಾ? ಊಟ ಆದ ಮೇಲೆ ಒಂದು ಪಾತ್ರ ನೀವು ತಗೊಳ್ಳಿ, ಇನ್ನೊಂದು ಅವರಪ್ಪ ತಗೊಳ್ಳಲಿ, ಗಟ್ಟಿಯಾಗಿ ಓದಿ. ಅವನು ಕೇಳಿಸಿಕೊಳ್ಳಲಿ. ಎಲ್ಲಿ ತಿದ್ದಬೇಕು ಅಂತ ಅವನಿಗೇ ಹೊಳೆಯುತ್ತದೆ.

ಕಳಿಸುವ ವಿಷಯ. ನಿಯಮದ ಹಾಳೆಯನ್ನು ಅವನ ಜೊತೆ ಕೂತು ಓದಿ. ಕೆಲವು ಕಡೆ ನಾಟಕದ ಪುಟಗಳ ಮೇಲೆ ಹೆಸರು, ಶಾಲೆ ಬರೆಯಬಾರದು ಅಂತ ಇರುತ್ತದೆ. ಆಗ ಅದೆಲ್ಲ ಬೇರೆ ಹಾಳೆಯಲ್ಲಿ ಹೋಗಬೇಕು. ಮುಖ್ಯ ಶಿಕ್ಷಕರ ಸಹಿ, ಮೊಹರು ಬೇಕಿದ್ದರೆ ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ, ಅವರು ಅವತ್ತೇ ಮೀಟಿಂಗಿಗೆ ಹೋಗಿರುತ್ತಾರೆ. ನಾಟಕವನ್ನು ಬಹುಮಾನ ಬಂದ ಮೇಲೆ ಯಾರು ಅಚ್ಚು ಮಾಡಬಹುದು, ಯಾರು ಆಡಬಹುದು ಅನ್ನುವ ಸಾಲು ನಿಯಮದಲ್ಲಿ ಇದೆಯಾ ನೋಡಿ, ಸಹಿ ಹಾಕುವ ಮುಂಚೆ.

ಸೈಬರ್ ಸೆಂಟರಿನಲ್ಲಿ ಟೈಪ್ ಮಾಡಿಸಿದರೆ ಯೂನಿಕೋಡಿನಲ್ಲಿ ಮಾಡಿ ಅಂತ ಹೇಳಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳಾಗಿ ಕಾಣಬಹುದು. ಪಿಡಿಎಫ್ ಮಾಡಿಸಿ, ನಿಮ್ಮ ಮೊಬೈಲಿನಲ್ಲಿ ಒಮ್ಮೆ ತೆರೆದು, ಒತ್ತಕ್ಷರಗಳು ಸರಿಯಾಗಿವೆಯಾ ಅಂತ ನೋಡಿಯೇ ಕಳಿಸಿ. ಕೈಬರಹ ನಡೆಯುತ್ತದೆ ಅಂತ ಇದ್ದರೆ ಈ ತಾಪತ್ರಯವೇ ಇಲ್ಲ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಸಿ, ಪುಟಸಂಖ್ಯೆ ಹಾಕಿಸಿ, ಒಂದು ಜೆರಾಕ್ಸ್ ಮನೆಯಲ್ಲಿಟ್ಟುಕೊಳ್ಳಿ.