ಬೆಸುಗೆ ಸೀಸಮುಕ್ತವಾಗಿದ್ದರೆ ರೋಹ್ಸ್ ಘೋಷಣೆಗೆ ಸಹಿ ಮಾಡಬಹುದೇ?

ಪೀಣ್ಯದಲ್ಲಿ ಪ್ರಯೋಗಾಲಯಗಳಿಗೆ ಬೇಕಾದ ತಾಪಮಾನ ನಿಯಂತ್ರಕಗಳನ್ನು ತಯಾರಿಸುವ ನಿಮ್ಮ ಚಿಕ್ಕ ಘಟಕಕ್ಕೆ ಜರ್ಮನಿಯ ಖರೀದಿದಾರರು ರೋಹ್ಸ್ (ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಅಪಾಯಕಾರಿ ವಸ್ತುಗಳನ್ನು ನಿರ್ಬಂಧಿಸುವ ಯುರೋಪಿನ ಕಾನೂನು) ಘೋಷಣಾ ಪತ್ರ ಕೇಳಿದ್ದಾರೆಂದೂ, ಬೆಸುಗೆ ತಂತಿ ಸೀಸಮುಕ್ತವಾಗಿರುವುದರಿಂದ ಸಹಿ ಮಾಡಬಹುದೇ ಎಂದೂ, ಇಂಥ ಕಾನೂನು ಭಾರತದಲ್ಲೂ ಇದೆಯೇ ಎಂದೂ ಕೇಳಿದ್ದೀರಿ. ಎಲೆಕ್ಟ್ರಾನಿಕ್ ಉಪಕರಣಗಳ ಗುಣಮಟ್ಟ ಪರಿಶೀಲನೆಯೇ ನನ್ನ ವೃತ್ತಿ. ಬೆಸುಗೆಯೊಂದನ್ನೇ ನಂಬಿ ದಯವಿಟ್ಟು ಸಹಿ ಮಾಡಬೇಡಿ. ಭಾರತದಲ್ಲೂ ಕಾನೂನಿದೆ.

ಯುರೋಪಿನಲ್ಲಿ 2006ರ ಜುಲೈ 1ರಿಂದ ಜಾರಿಯಲ್ಲಿರುವ ಈ ನಿರ್ಬಂಧ ಮೊದಲಿಗೆ ಸೀಸ, ಪಾದರಸ, ಕ್ಯಾಡ್ಮಿಯಂ, ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಮತ್ತು ಬೆಂಕಿ ಹರಡದಂತೆ ಪ್ಲಾಸ್ಟಿಕ್‌ಗೆ ಬೆರೆಸುವ ಎರಡು ಬಗೆಯ ಬ್ರೋಮಿನ್ ಸಂಯುಕ್ತಗಳಿಗೆ ಅನ್ವಯಿಸುತ್ತಿತ್ತು. ಬಳಿಕ ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ನಾಲ್ಕು ಥ್ಯಾಲೇಟ್‌ಗಳೂ ಸೇರಿದವು. ಹೆಚ್ಚಿನ ಉಪಕರಣಗಳಿಗೆ ಅವು 2019ರ ಜುಲೈಯಿಂದ, ನಿಮ್ಮದರಂಥ ಮಾಪನ ಮತ್ತು ನಿಯಂತ್ರಣ ಉಪಕರಣಗಳಿಗೆ 2021ರ ಜುಲೈಯಿಂದ ಅನ್ವಯವಾಗಿವೆ. ಕ್ಯಾಡ್ಮಿಯಂಗೆ ಮಿತಿ ತೂಕದ 0.01%, ಉಳಿದೆಲ್ಲಕ್ಕೂ 0.1%.

ಹೆಚ್ಚಿನವರು ಎಡವುವುದು ಈ ಶೇಕಡಾವಾರಿನ ಲೆಕ್ಕದಲ್ಲಿಯೇ. ಮಿತಿಯನ್ನು ಇಡೀ ಉಪಕರಣದ ತೂಕಕ್ಕೆ ಹಾಕುವುದಿಲ್ಲ. ಯಾಂತ್ರಿಕವಾಗಿ ಇನ್ನು ಬಿಡಿಸಲಾಗದಂಥ ಪ್ರತಿಯೊಂದು ಏಕರೂಪದ ವಸ್ತುವಿಗೂ ಬೇರೆಬೇರೆಯಾಗಿ ಹಾಕಬೇಕು. ತಂತಿಯ ತಾಮ್ರ ಒಂದು ವಸ್ತುವಾದರೆ ಅದರ ಮೇಲಿನ ಪಿವಿಸಿ ಹೊದಿಕೆ ಇನ್ನೊಂದು. ತಿರುಪಿನ ಉಕ್ಕು ಒಂದಾದರೆ ಅದರ ಮೇಲಿನ ಕೆಲವೇ ಮೈಕ್ರಾನ್ ದಪ್ಪದ ಲೇಪ ಮತ್ತೊಂದು. ಹಾಗಾಗಿ ಎರಡು ಕಿಲೋ ತೂಕದ ಪೆಟ್ಟಿಗೆಯೊಳಗಿನ ಒಂದೇ ಒಂದು ಕೇಬಲ್ಲು ಇಡೀ ಸರಕನ್ನು ತಡೆಯಬಲ್ಲದು. ರೋಹ್ಸ್ ಬರುವುದಕ್ಕೂ ಮೊದಲೇ, 2001ರಲ್ಲಿ, ನೆದರ್‌ಲ್ಯಾಂಡ್ಸ್ ತನ್ನದೇ ಕ್ಯಾಡ್ಮಿಯಂ ನಿಯಮದಡಿ ಸೋನಿಯ ಸುಮಾರು 13 ಲಕ್ಷ ಪ್ಲೇಸ್ಟೇಷನ್‌ಗಳನ್ನು ತಡೆಹಿಡಿದದ್ದು ಜೊತೆಗಿದ್ದ ಕೇಬಲ್ಲುಗಳಲ್ಲಿ ಕ್ಯಾಡ್ಮಿಯಂ ಹೆಚ್ಚಿದ್ದುದಕ್ಕಾಗಿ.

ನೀವು ಮೊದಲು ನೋಡಬೇಕಾದದ್ದು ತಂತಿಯ ಹೊದಿಕೆ ಮತ್ತು ತಿರುಪುಗಳನ್ನು. ಅಗ್ಗದ ಮೆದು ಪಿವಿಸಿಯಲ್ಲಿ ಥ್ಯಾಲೇಟ್ ಇರುವ ಸಾಧ್ಯತೆ ಹೆಚ್ಚು. ಹಳದಿ ಛಾಯೆಯಲ್ಲಿ ಕಾಮನಬಿಲ್ಲಿನ ಬಣ್ಣಗಳು ಹೊಳೆಯುವ ಸತುವಿನ ಲೇಪ ಕಂಡರೆ ಹೆಕ್ಸಾವೇಲೆಂಟ್ ಕ್ರೋಮಿಯಂ ಇರಬಹುದೆಂದು ಶಂಕಿಸಿ, ಲೇಪನ ಮಾಡಿದವರಿಂದ ಲಿಖಿತ ವಿವರ ಪಡೆಯಿರಿ. ಪೀಣ್ಯದ ಅಂತರ್ಜಲಕ್ಕೆ ಈ ವಿಷ ಸೇರಿರುವುದು ದಾಖಲಾಗಿರುವ ಸಂಗತಿ. ಅಲ್ಲಿಯೇ ದುಡಿಯುವ ನಿಮಗೆ ಇದು ದೂರದ ಜರ್ಮನಿಯ ಷರತ್ತಾಗಿ ಮಾತ್ರ ಕಾಣಬಾರದು ಎಂಬುದು ನನ್ನ ಆಸೆ. ಹಿತ್ತಾಳೆಯ ಟರ್ಮಿನಲ್ಲುಗಳ ಬಗ್ಗೆ ಅಷ್ಟು ಆತಂಕ ಬೇಡ, ತಾಮ್ರದ ಮಿಶ್ರಲೋಹಗಳಲ್ಲಿ 4% ವರೆಗಿನ ಸೀಸಕ್ಕೆ ವಿನಾಯಿತಿ ಇದೆ. ಆದರೆ ವಿನಾಯಿತಿಗಳಿಗೂ ಅವಧಿಯಿರುವುದರಿಂದ ಸಹಿ ಮಾಡುವ ದಿನದ ಸ್ಥಿತಿಯನ್ನು ನೋಡಿಕೊಳ್ಳಿ.

ಎಕ್ಸ್-ಕಿರಣ ಹಾಯಿಸಿ ವಸ್ತುವಿನಲ್ಲಿರುವ ಮೂಲಧಾತುಗಳನ್ನು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಒಮ್ಮೆ ತೋರಿಸಿ ವರದಿ ತಂದರೆ ಸಾಕೆಂದು ಕೆಲವರು ಹೇಳುವುದುಂಟು. ಆ ಯಂತ್ರ ಒಟ್ಟು ಕ್ರೋಮಿಯಂ, ಒಟ್ಟು ಬ್ರೋಮಿನ್ ಎಷ್ಟೆಂದು ಹೇಳುತ್ತದೆ. ಕ್ರೋಮಿಯಂ ಯಾವ ರೂಪದಲ್ಲಿದೆ, ಬ್ರೋಮಿನ್ ಯಾವ ಸಂಯುಕ್ತದಲ್ಲಿದೆ ಎಂದು ಹೇಳಲಾರದು, ಥ್ಯಾಲೇಟ್ ಅದಕ್ಕೆ ಕಾಣುವುದೇ ಇಲ್ಲ. ಅನುಮಾನವಿರುವ ಭಾಗಗಳಿಗೆ ರಾಸಾಯನಿಕ ಪರೀಕ್ಷೆಯೇ ಆಗಬೇಕು.

ಇನ್ನು ಭಾರತದ ಮಾತು. 2011ರ ಇ-ತ್ಯಾಜ್ಯ ನಿಯಮಗಳ ಮೂಲಕ ಬಂದ ಆರು ವಸ್ತುಗಳ ಮಿತಿ 2014ರ ಮೇ 1ರಿಂದ ಜಾರಿಯಲ್ಲಿದೆ. ಈಗ ಅನ್ವಯಿಸುವ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, 106 ಬಗೆಯ ಉಪಕರಣಗಳನ್ನು ಒಳಗೊಳ್ಳುತ್ತವೆ. ಥ್ಯಾಲೇಟ್ ನಮ್ಮ ಪಟ್ಟಿಯಲ್ಲಿಲ್ಲ. ಇದು ಕೊರತೆಯೆಂದೇ ನಾನು ಭಾವಿಸುತ್ತೇನೆ. ಈ ನಿಯಮಗಳು ಸೂಕ್ಷ್ಮ ಉದ್ಯಮಗಳಿಗೆ ಅನ್ವಯಿಸುವುದಿಲ್ಲ, ಎಂದರೆ 2025ರ ಏಪ್ರಿಲ್‌ನಿಂದ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿ ಮೀರದ ಘಟಕಗಳಿಗೆ. ನಿಮ್ಮ ಘಟಕ ಆ ಮಿತಿಯೊಳಗಿರಬಹುದು, ಆದರೆ ಜರ್ಮನಿಯ ಖರೀದಿದಾರರಿಗೆ ಆ ವಿನಾಯಿತಿ ಲೆಕ್ಕಕ್ಕಿಲ್ಲ. ಘಟಕ ಸೂಕ್ಷ್ಮ ಉದ್ಯಮದ ಮಿತಿ ದಾಟಿದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ನಿಮ್ಮದೇ ಹೆಸರಿನಲ್ಲಿ ಮಾರುತ್ತಿದ್ದರೆ, ಹಳೆಯದಾದ ಉಪಕರಣಗಳ ನಿಗದಿತ ಪಾಲು ಮರುಬಳಕೆಯಾಗುವಂತೆ ನೋಡಿಕೊಳ್ಳುವ ಹೊಣೆಯೂ ಸೇರುತ್ತದೆ. ಆ ಪಾಲು ಮೊದಲೆರಡು ವರ್ಷ 60%, ಮುಂದಿನೆರಡು ವರ್ಷ 70%, 2027-28ರಿಂದ 80%.

ನಿಮ್ಮಲ್ಲೇ ತಿರಸ್ಕೃತವಾಗುವ ಬೋರ್ಡುಗಳನ್ನಂತೂ, ಕಾನೂನು ಕೇಳಲಿ ಬಿಡಲಿ, ಗುಜರಿಗೆ ಹಾಕಬೇಡಿ. ತಾಮ್ರಕ್ಕಾಗಿ ಬಯಲಲ್ಲಿ ತಂತಿ ಸುಟ್ಟಾಗ ಪಿವಿಸಿ ಮತ್ತು ಬ್ರೋಮಿನ್ ಸಂಯುಕ್ತಗಳಿಂದ ಡಯಾಕ್ಸಿನ್‌ನಂಥ ವಿಷಗಳು ಹುಟ್ಟುತ್ತವೆ. ಚಿನ್ನಕ್ಕಾಗಿ ಬೋರ್ಡನ್ನು ಆಮ್ಲದಲ್ಲಿ ಅದ್ದಿದಾಗ ಉಳಿಯುವ ದ್ರವ ಚರಂಡಿಗೆ ಹೋಗುತ್ತದೆ. ದಾಬಸ್‌ಪೇಟೆಯಲ್ಲಿ 2005ರಿಂದಲೇ ಅಧಿಕೃತ ಇ-ತ್ಯಾಜ್ಯ ಘಟಕವಿದೆ, ಈಗ ಬೇರೆಯವೂ ಇವೆ. ಯಾರಿಗೇ ಕೊಡುವುದಿದ್ದರೂ ಅವರ ನೋಂದಣಿಯನ್ನು ಪೋರ್ಟಲ್‌ನಲ್ಲಿ ಖಚಿತಪಡಿಸಿಕೊಂಡು, ತೂಕ ಬರೆದ ರಸೀದಿಯನ್ನು ನಿಮ್ಮ ರೋಹ್ಸ್ ಕಡತದಲ್ಲೇ ಇಟ್ಟುಕೊಳ್ಳಿ. ಭಾಗಗಳ ಪಟ್ಟಿ, ಪೂರೈಕೆದಾರರ ಪತ್ರಗಳು, ಪರೀಕ್ಷಾ ವರದಿಗಳು ಆ ಕಡತದಲ್ಲಿ ಪೂರ್ಣಗೊಂಡ ಮೇಲೆ ಸಹಿ ಮಾಡಿ.