‘ಅಮ್ಮ ಸಾರಿಗೆ ವಿಷ ಹಾಕ್ತಾಳೆ’ ಅಂತಾನೆ ತಮ್ಮ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ, ಸ್ಕಿಜೋಫ್ರೇನಿಯಾ ಇದೆ. ಎರಡು ತಿಂಗಳಿಂದ ಮಾತ್ರೆ ಬಿಟ್ಟಿದ್ದಾನೆ. ಅಮ್ಮ ಸಾರಿಗೆ ವಿಷ ಹಾಕ್ತಾಳೆ ಅಂತ ಬರೀ ಅಂಗಡಿ ಬನ್ನು ತಿನ್ನುತ್ತಾನೆ. ಈಚೆಗೆ ದಿಂಬಿನ ಕೆಳಗೆ ಮಚ್ಚು ಇಟ್ಟುಕೊಂಡು ಮಲಗುತ್ತಾನೆ. ಮಾತ್ರೆ ಪುಡಿ ಮಾಡಿ ಸಾರಿಗೆ ಬೆರೆಸಿ ಅಂತಾರೆ ಸೋದರತ್ತೆ. ಮಗನೇ ತಾಯಿಯನ್ನು ಕೊಂದ ಸುದ್ದಿ ಪೇಪರಿನಲ್ಲಿ ಓದಿದಾಗಿನಿಂದ ನನಗೆ ನಿದ್ದೆ ಇಲ್ಲ.
– ಹೆಸರು ಬೇಡ, ತರೀಕೆರೆ

ಉತ್ತರ: ಸಾರಿಗೆ ಮಾತ್ರೆ ಮಾತ್ರ ಬೆರೆಸಬೇಡಿ. ತಟ್ಟೆಯ ತಳದಲ್ಲಿ ಬಿಳಿ ಪುಡಿ ಒಂದು ಸಲ ಕಂಡರೆ ಮುಗೀತು, ಅವನ ಅನುಮಾನಕ್ಕೆ ನೀವೇ ಸಾಕ್ಷಿ ಕೊಟ್ಟ ಹಾಗೆ. ಸದ್ಯಕ್ಕೆ ಬನ್ನೇ ತಿನ್ನಲಿ. ಜೊತೆಗೆ ಅವನೇ ಸುಲಿದು ತಿನ್ನುವ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಇಡಿ.

ಈ ಕಾಯಿಲೆ ಇರುವ ಹೆಚ್ಚಿನವರು ಯಾರ ಮೇಲೂ ಕೈ ಎತ್ತುವುದಿಲ್ಲ. ಹೆತ್ತವರನ್ನು ಕೊಲ್ಲುವುದಂತೂ ತೀರಾ ಅಪರೂಪ. ಕೊಂದವರಿಗೆಲ್ಲ ಮನೋರೋಗ ಇರುತ್ತದೆ ಅಂತಲೂ ಅಲ್ಲ, ಆಸ್ತಿ ಜಗಳ, ಕುಡಿತ ಕೂಡ ಇರುತ್ತವೆ. ಆದರೂ ‘ಸುಮ್ನೆ ಹೆದರಬೇಡಿ’ ಅಂತ ನಿಮಗೆ ಹೇಳಲಾರೆ. ಮಾತ್ರೆ ನಿಂತಿದೆ, ಅನುಮಾನ ಒಬ್ಬರ ಮೇಲೇ ಕೂತಿದೆ, ಈಗ ಮಚ್ಚೂ ಬಂದಿದೆ. ಅವನ ಲೆಕ್ಕದಲ್ಲಿ ಅವನು ತನ್ನ ಜೀವ ಕಾಪಾಡಿಕೊಳ್ಳುತ್ತಿದ್ದಾನೆ. ಊಟ ಬಡಿಸುವವರು, ಮಾತ್ರೆ ನುಂಗು ಅಂತ ಬೆನ್ನು ಹತ್ತುವವರು ಅಮ್ಮನೇ ಅಲ್ವಾ? ಹಾಗಾಗಿ ಅನುಮಾನವೂ ಅವರ ಮೇಲೇ.

ಇವತ್ತು ರಾತ್ರಿಯಿಂದಲೇ ಅಮ್ಮ ಬೇರೆ ಮನೆಯಲ್ಲಿ ಮಲಗಲಿ. ಮಚ್ಚನ್ನು ಕಿತ್ತುಕೊಳ್ಳಲು ಹೋಗಬೇಡಿ. ‘ವಿಷ ಇಲ್ಲ ಕಣೋ’ ಅಂತ ವಾದವೂ ಬೇಡ. ‘ನಿದ್ದೆ ಇಲ್ಲದೆ ಸೊರಗಿದ್ದೀಯ, ಡಾಕ್ಟರಿಗೆ ತೋರಿಸೋಣ’ ಅನ್ನಿ. ಕಾಯಿಲೆ ಅಂದರೆ ಸಿಡುಕುವವರು ನಿದ್ದೆ ಅಂದರೆ ಕೆಲವೊಮ್ಮೆ ಒಪ್ಪುತ್ತಾರೆ.

ಒಪ್ಪದಿದ್ದರೂ ದಾರಿ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ, ಅವನ ಪ್ರತಿನಿಧಿಯಾಗಿ ಮನೆಯವರು ಅರ್ಜಿ ಕೊಡಬಹುದು. ಒಬ್ಬ ಮನೋವೈದ್ಯರೂ ಇನ್ನೊಬ್ಬ ವೈದ್ಯರೂ ಬೇರೆ ಬೇರೆಯಾಗಿ ನೋಡಿ ಅಗತ್ಯ ಅಂದರೆ, 30 ದಿನದವರೆಗೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಅವನು ಕೈಗೆ ಸಿಗದಿದ್ದರೆ 112ಕ್ಕೆ ಫೋನ್ ಮಾಡಿ. ಪೊಲೀಸರು ‘ಮನೆ ವಿಷಯ, ನೀವೇ ನೋಡ್ಕೊಳಿ’ ಅಂದರೆ ಅದೇ ಕಾಯ್ದೆಯ 100ನೇ ಸೆಕ್ಷನ್ ನೆನಪಿಸಿ. ಇಂಥವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರದೇ ಕೆಲಸ, ಲಾಕಪ್ಪಿಗೆ ಹಾಕುವಂತಿಲ್ಲ. ಯಾವ ಆಸ್ಪತ್ರೆ, ಹೇಗೆ ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಸ್ವಲ್ಪ ಹತೋಟಿಗೆ ಬಂದ ಮೇಲೆ, ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಿ. ಆಗ ಮಾತ್ರೆ, ನೀರಿನ ಲೋಟ ಹಿಡಿದು ಅವನೆದುರು ನಿಲ್ಲುವ ಕೆಲಸ ಅಮ್ಮನಿಗೆ ತಪ್ಪುತ್ತದೆ.