ಡ್ರಮ್ ಕೋರ್ ಪ್ರದರ್ಶನವನ್ನು ನೇರವಾಗಿ ನೋಡಿದವರು ಯಾರಾದರೂ ಇದ್ದೀರಾ? ಅದರಲ್ಲಿ ಅಂಥದ್ದೇನಿದೆ?

ಅಮೆರಿಕದಲ್ಲಿ ಓದುತ್ತಿರುವ ನಿಮ್ಮ ಅಕ್ಕನ ಮಗ ಬೇಸಿಗೆಯ ಇಂಟರ್ನ್‌ಶಿಪ್ ಬಿಟ್ಟು, ಕೈಯಿಂದ ದುಡ್ಡು ಕೊಟ್ಟು ಡ್ರಮ್ ಕೋರ್ ಸೇರುತ್ತೇನೆಂದು ಹಟ ಹಿಡಿದಿದ್ದಾನೆ, ಯೂಟ್ಯೂಬಿನಲ್ಲಿ ನೋಡಿದರೆ ನಿಮಗದು ಮೆರವಣಿಗೆಯ ಬ್ಯಾಂಡಿನ ಹಾಗೆ ಕಂಡಿತು ಎಂದು ಬರೆದಿದ್ದೀರಿ. ಫೋನಿನಲ್ಲಿ ಹಾಗೇ ಕಾಣುತ್ತದೆ. ನಾನು ಇಂಡಿಯಾನಾಪೊಲಿಸ್ ಹತ್ತಿರ ಇರುವವನು. ಮೊದಲ ಸಲ ನೇರವಾಗಿ ನೋಡಿದ್ದು 2016ರ ಆಗಸ್ಟ್ 13ರ ಶನಿವಾರ, ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ ನಡೆದ ಡಿಸಿಐ ಫೈನಲ್ಸ್. ಸಹೋದ್ಯೋಗಿಯೊಬ್ಬರ ಹತ್ತಿರ ಒಂದು ಟಿಕೆಟ್ ಮಿಕ್ಕಿತ್ತು, ಹೋದೆ. ಆ ಮೇಲೆ ನನ್ನ ಪ್ರತಿ ಆಗಸ್ಟಿನ ಎರಡನೇ ವಾರ ಅದಕ್ಕೇ ಮೀಸಲು.

ಮೊದಲು ಇದು ಏನು ಎನ್ನುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಡಿಸಿಐ ಎಂದರೆ ಡ್ರಮ್ ಕೋರ್ ಇಂಟರ್‌ನ್ಯಾಷನಲ್. 1972ರಿಂದ ಪ್ರತಿ ವರ್ಷ ಚಾಂಪಿಯನ್‌ಶಿಪ್ ನಡೆಸುತ್ತಾ ಬಂದಿದೆ, ಕೊರೊನಾ ಕಾಲ ಮಾತ್ರ ಬೇರೆ. ಕ್ಲಾರಿನೆಟ್, ಸ್ಯಾಕ್ಸೊಫೋನ್, ಕೊಳಲು ಯಾವುದೂ ಇಲ್ಲ. ಊದುವುದೆಲ್ಲ ಹಿತ್ತಾಳೆಯ ವಾದ್ಯ: ಟ್ರಂಪೆಟ್, ಮೆಲೊಫೋನ್, ಬ್ಯಾರಿಟೋನ್, ಯುಫೋನಿಯಂ, ಹೆಗಲ ಮೇಲೆ ಹೊರುವ ಟ್ಯೂಬಾ. ಅವರ ಜೊತೆಗೆ ನಡೆದುಕೊಂಡೇ ನುಡಿಸುವ ಡ್ರಮ್‌ಲೈನ್, ಮೈದಾನದ ಮುಂದಿನ ಅಂಚಿನಲ್ಲಿ ನಿಂತು ಮರಿಂಬಾ, ವೈಬ್ರಫೋನ್‌ನಂಥ ಪಟ್ಟಿಗಳ ಮೇಲೆ ಕೋಲಿನಿಂದ ಬಾರಿಸುವ ವಾದ್ಯಗಳನ್ನು ನುಡಿಸುವ ಪಿಟ್, ಬಾವುಟ, ಮರದ ರೈಫಲ್, ಕತ್ತಿಗಳನ್ನು ಗಾಳಿಗೆಸೆದು ಹಿಡಿಯುವ ಕಲರ್ ಗಾರ್ಡ್. ನಾನು ನೋಡಿದ ವರ್ಷ ಒಂದು ತಂಡಕ್ಕೆ 150 ಜನರ ಮಿತಿ ಇತ್ತು. ಜೂನ್ 1ಕ್ಕೆ 22 ತುಂಬಿದವರು ಸೇರುವಂತಿಲ್ಲ. ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ಸುತ್ತುತ್ತಾರೆ, ಶಾಲೆಗಳ ಜಿಮ್ ನೆಲದ ಮೇಲೆ ಮಲಗುತ್ತಾರೆ, ಬಿಸಿಲಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ತಾಲೀಮು. ಇಷ್ಟೆಲ್ಲ ಮಾಡುವುದು ಹನ್ನೆರಡು ನಿಮಿಷದ ಆಸುಪಾಸಿನ ಒಂದೇ ಒಂದು ಪ್ರದರ್ಶನಕ್ಕಾಗಿ. ಫೈನಲ್ಸ್ ಮುಗಿದ ರಾತ್ರಿಗೆ ಆ ಪ್ರದರ್ಶನವೂ ಮುಗಿಯಿತು. ಮುಂದಿನ ವರ್ಷ ಹೊಸ ಸಂಗೀತ, ಹೊಸ ವಿನ್ಯಾಸ, ಅರ್ಧಕ್ಕರ್ಧ ಹೊಸ ಹುಡುಗರು.

ಈ ಕೊನೆಯ ಮಾತೇ ನನ್ನನ್ನು ಹಿಡಿದದ್ದು. ಆದರೆ ಅದು ಅರ್ಥವಾಗುವುದಕ್ಕೆ ಮುಂಚೆ ಸದ್ದು ಹಿಡಿಯಿತು.

ನಾನು ಸಾಗರದ ಕಡೆಯವನು. ಹತ್ತು ಹನ್ನೆರಡು ಡೊಳ್ಳು ಒಟ್ಟಿಗೆ ಬಿದ್ದಾಗ ಪೆಟ್ಟು ಕಿವಿಗಿಂತ ಮೊದಲು ಎದೆಗೆ ಬೀಳುವುದು ಗೊತ್ತು. ಅಂಥದ್ದು ಇಲ್ಲಿ ಹಿತ್ತಾಳೆಯಿಂದ ಬರುತ್ತದೆಂದು ನಿರೀಕ್ಷಿಸಿರಲಿಲ್ಲ. ಎಂಬತ್ತರ ಹತ್ತಿರ ಹಾರ್ನುಗಳು ಮೈದಾನದ ತುಂಬ ಚದುರಿಕೊಂಡು ಓಡಾಡುತ್ತಾ ಮೆಲ್ಲಗೆ ನುಡಿಸುತ್ತಿರುತ್ತವೆ. ನೋಡನೋಡುತ್ತಿದ್ದಂತೆ ಎಲ್ಲರೂ ಒತ್ತಾಗಿ ಒಂದು ಕಮಾನಿನಂತೆ ನಿಂತು ಹಾರ್ನಿನ ಬಾಯನ್ನು ನಮ್ಮ ಕಡೆಗೆ ಎತ್ತುತ್ತಾರೆ. ಅರೆಗಳಿಗೆ ಉಸಿರು. ಆ ಉಸಿರೆಳೆದದ್ದೂ ಕೇಳಿಸುತ್ತದೆ. ಆಮೇಲೆ ಬರುವುದು ಗೋಡೆ. ಶ್ರುತಿ ಸೇರಿದ ಎಂಬತ್ತು ಹಾರ್ನುಗಳ ಸದ್ದಿನಲ್ಲಿ ಯಾರೂ ನುಡಿಸದ ಇನ್ನೊಂದು ಸ್ವರ ಮೇಲೆಲ್ಲೋ ತೇಲುತ್ತದೆ. ತಂಬೂರಿ ಸರಿಯಾಗಿ ಶ್ರುತಿಗೆ ಕೂತಾಗ ಗಾಂಧಾರ ತಾನಾಗಿ ಕೇಳುವ ಹಾಗೆ. ಫೋನಿನ ಸ್ಪೀಕರಿನಲ್ಲಿ ನಿಮಗೆ ಸಿಗದೆ ಹೋದದ್ದು ಇದು.

ಆ ರಾತ್ರಿ ನನ್ನ ಮನಸ್ಸಿನಲ್ಲಿ ಕೂತ ತಂಡ ಬ್ಲೂಕೋಟ್ಸ್. ಒಹಾಯೊದ ಕ್ಯಾಂಟನ್ ಊರಿನವರು. ಅಲ್ಲಿನ ನಿವೃತ್ತ ಪೊಲೀಸರ ಗೌರವಾರ್ಥ ಆ ಹೆಸರು, 1972ರಲ್ಲಿ ಶುರುವಾದದ್ದು. ಆವರೆಗೆ ಒಂದು ಸಲವೂ ಗೆದ್ದಿರಲಿಲ್ಲ. 2014ರಲ್ಲಿ ಎರಡನೇ ಸ್ಥಾನಕ್ಕೆ ಬಂದು ನಿಂತಿದ್ದರು. ಎದುರಿಗಿದ್ದದ್ದು ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್, ಅಷ್ಟರಲ್ಲಾಗಲೇ 17 ಸಲ ಗೆದ್ದ ತಂಡ. ಫೈನಲ್ಸಿನಲ್ಲಿ ಹನ್ನೆರಡು ತಂಡಗಳು. ಹಿಂದಿನ ರಾತ್ರಿಯ ಸೆಮಿಫೈನಲ್ಸಿನ ಅಂಕ ನೋಡಿ ಕಡಿಮೆ ಬಂದವರು ಮೊದಲು, ಹೆಚ್ಚು ಬಂದವರು ಕೊನೆಗೆ. ಆದ್ದರಿಂದ ರಾತ್ರಿ ಏರುತ್ತಾ ಹೋದಂತೆ ಕೂತವರ ಮೈಯೂ ಬಿಗಿಯುತ್ತಾ ಹೋಗುತ್ತದೆ. ಬ್ಲೂಕೋಟ್ಸ್ ಹೆಸರು ಹೇಳಿದ ಕೂಡಲೇ ಇಡೀ ಸ್ಟೇಡಿಯಂ 'ಬ್ಲೂಊಊ' ಎಂದು ಒಂದೇ ದನಿ ಎಳೆಯಿತು. ಹೊಸಬರಿಗೆ ಅದು ಧಿಕ್ಕಾರದ ಕೂಗಿನಂತೆ ಕೇಳಬಹುದು. ಅದು ಅವರ ಅಭಿಮಾನಿಗಳ ಪ್ರೀತಿಯ ಕೂಗು, ಈಗ ನನ್ನದೂ.

ಪ್ರದರ್ಶನದ ಹೆಸರು 'ಡೌನ್ ಸೈಡ್ ಅಪ್'. ಮೈದಾನದ ಮೇಲೆ ದೊಡ್ಡ ದೊಡ್ಡ ಇಳಿಜಾರುಗಳನ್ನು ನಿಲ್ಲಿಸಿದ್ದರು. ಹುಡುಗರು ಹಾರ್ನು ಹಿಡಿದುಕೊಂಡು ಅವುಗಳ ಮೇಲೇರಿ ಜಾರಿ ಇಳಿಯುತ್ತಿದ್ದರು. ಚಿಕ್ಕ ಮಕ್ಕಳು ಪಾರ್ಕಿನಲ್ಲಿ ಜಾರುವ ಹಾಗೆಯೇ, ಆದರೆ ತಾಳ ಬಿಡದೆ. ತಲೆಯ ಮೇಲೆ ಟೊಪ್ಪಿ ಇಲ್ಲ, ಗರಿ ಇಲ್ಲ, ಮಿಲಿಟರಿ ಕೋಟು ಇಲ್ಲ. ಡ್ರಮ್ ಕೋರ್ ಹುಟ್ಟಿದ್ದೇ ಸೈನಿಕರ ಕವಾಯತಿನಿಂದ. ದಶಕಗಟ್ಟಲೆ ಹುಬ್ಬಿನವರೆಗೆ ಮುಚ್ಚುವ ಎತ್ತರದ ಟೊಪ್ಪಿ ಹಾಕಿಕೊಂಡು ಮುಖ ಕಾಣದಂತೆ ನಡೆದವರು ಇವರು. ಟೊಪ್ಪಿ ತೆಗೆದಿಟ್ಟ ಕೂಡಲೇ 150 ಮುಖಗಳು ಕಂಡವು. ಇದನ್ನು ಒಪ್ಪದ ಹಳಬರು ಬಹಳ ಜನ ಇದ್ದಾರೆ, ಅವರ ಜೊತೆ ವಾದ ಮಾಡಿದ್ದೇನೆ. ಶಿಸ್ತು ಟೊಪ್ಪಿಯಲ್ಲಿ ಇರುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಇಳಿಜಾರಿನಲ್ಲಿ ಮೈ ಜಾರುತ್ತಿರುವಾಗ ತುಟಿಯ ಹಿಡಿತ ಕೆಡದಂತೆ ಸ್ವರ ನಿಲ್ಲಿಸುವುದು ಎಂಥ ಶಿಸ್ತು ಎಂದು ಊದುವ ವಾದ್ಯ ಮುಟ್ಟಿದ ಯಾರನ್ನಾದರೂ ಕೇಳಿ. ಅಷ್ಟು ಕಷ್ಟದ್ದನ್ನು ಅವರು ಸಂತೋಷದಿಂದ ಮಾಡುತ್ತಿದ್ದರು, ಆ ಸಂತೋಷ ಮೂರನೇ ಅಂತಸ್ತಿನ ನನ್ನ ಸೀಟಿನವರೆಗೆ ಬಂತು.

ಈಗ ಕಷ್ಟ ಎಲ್ಲಿದೆ ಎನ್ನುವುದಕ್ಕೆ ಬರುತ್ತೇನೆ. ನಿಮ್ಮ ಅಕ್ಕನ ಮಗ ಕಲಿಯಲು ಹೋಗುತ್ತಿರುವುದು ಇದನ್ನು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಅಮೆರಿಕನ್ ಫುಟ್ಬಾಲ್ ಮೈದಾನದ ಒಂದು ಗೋಲ್ ಗೆರೆಯಿಂದ ಇನ್ನೊಂದಕ್ಕೆ 100 ಗಜ, ಅಂದರೆ 91 ಮೀಟರ್. ಸದ್ದು ಸೆಕೆಂಡಿಗೆ 340 ಮೀಟರ್ ಚಿಲ್ಲರೆ ಹೋಗುತ್ತದೆ. ಎಡ ತುದಿಯವನು ನುಡಿಸಿದ್ದು ಬಲ ತುದಿಯವನಿಗೆ ತಲುಪಲು ಕಾಲು ಸೆಕೆಂಡಿಗಿಂತ ಹೆಚ್ಚು ಬೇಕು. ಸಂಗೀತ ನಿಮಿಷಕ್ಕೆ 180 ತಾಳದಲ್ಲಿ ಓಡುತ್ತಿದ್ದರೆ ಒಂದು ತಾಳಕ್ಕೆ ಮೂರನೇ ಒಂದು ಸೆಕೆಂಡು. ಅಂದರೆ ಕಿವಿಗೆ ಬಿದ್ದದ್ದನ್ನು ನಂಬಿ ನುಡಿಸಿದರೆ ಹತ್ತಿರ ಹತ್ತಿರ ಒಂದಿಡೀ ತಾಳ ಹಿಂದೆ ಬೀಳುತ್ತಾನೆ. ನಮ್ಮಲ್ಲಿ ಲಯ ಕಿವಿಯಲ್ಲಿರಬೇಕು ಎಂದು ಹೇಳಿಕೊಡುತ್ತಾರೆ. ಇಲ್ಲಿ ದೂರದ ಸದ್ದಿಗೆ ಕಿವಿಗೊಡದಿರುವುದನ್ನು ಕಲಿಯಬೇಕು. ಹಾರ್ನಿನವರು ಡ್ರಮ್ ಮೇಜರ್, ಅಂದರೆ ಮುಂದೆ ನಿಂತು ಕೈಯಾಡಿಸಿ ಲಯ ತೋರಿಸುವವರ, ಕೈಯನ್ನು ನೋಡುತ್ತಾರೆ. ಡ್ರಮ್ ಮೇಜರ್ ಡ್ರಮ್‌ಲೈನಿನ ನಡುವೆ ಸ್ನೇರ್, ಅಂದರೆ ಚುರುಕು ದನಿಯ ಚಿಕ್ಕ ಡ್ರಮ್, ನುಡಿಸುವವನ ಪಾದಗಳನ್ನು ನೋಡಿ ಕೈ ಆಡಿಸುತ್ತಾರೆ. ಮುಂದಿರುವ ಪಿಟ್‌ನವರು ಮಾತ್ರ ಇದಕ್ಕೆ ಉಲ್ಟಾ: ಡ್ರಮ್ ಮೇಜರ್ ಕೈಯನ್ನು ನಂಬದೆ ಬೆನ್ನ ಹಿಂದಿನಿಂದ ಬರುವ ಡ್ರಮ್ಮಿನ ಸದ್ದಿಗೆ ಸರಿಯಾಗಿ ನುಡಿಸುತ್ತಾರೆ, ಏಕೆಂದರೆ ಆ ಸದ್ದು ಅವರನ್ನು ದಾಟಿಯೇ ನಮಗೆ ತಲುಪಬೇಕು. ಮೈದಾನದ ಮೇಲೆ ಯಾರ ಕಿವಿಗೂ ಸರಿಯಾಗಿ ಕೂಡಿಬರದ ಸಂಗೀತ ಪ್ರೇಕ್ಷಕರ ಕಿವಿಯಲ್ಲಿ ಮಾತ್ರ ಕೂಡಿಬರುತ್ತದೆ. ಈ ವಿಷಯ ಗೊತ್ತಾದ ದಿನ ನಾನು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ.

ಕಾಲುಗಳದ್ದು ಇನ್ನೊಂದು ಲೆಕ್ಕ. ಐದು ಗಜಕ್ಕೆ ಎಂಟು ಹೆಜ್ಜೆ, ಹೆಜ್ಜೆಗೆ 22.5 ಇಂಚು. ಇದು ಅವರ ಮೂಲಪಾಠ. ಪ್ರತಿಯೊಬ್ಬನಿಗೂ ಪ್ರದರ್ಶನದ ಪ್ರತಿ ವಿನ್ಯಾಸದಲ್ಲಿ ನಿಲ್ಲಬೇಕಾದ ಜಾಗ ಬರೆದುಕೊಟ್ಟಿರುತ್ತಾರೆ, ಅದಕ್ಕೆ ಡಾಟ್ ಎನ್ನುತ್ತಾರೆ. ಸೊಂಟದಿಂದ ಕೆಳಗೆ ಮೈ ಪಕ್ಕಕ್ಕೋ ಹಿಂದಕ್ಕೋ ಓಡುತ್ತಿರುತ್ತದೆ, ಸೊಂಟದಿಂದ ಮೇಲೆ ಹಾರ್ನು ನಮಗೆ ನೇರವಾಗಿ ನಿಂತಿರುತ್ತದೆ. ಹಿಂದಕ್ಕೆ ಹೋಗುವಾಗ ಹಿಮ್ಮಡಿ ನೆಲಕ್ಕೆ ತಾಗಿಸುವುದಿಲ್ಲ, ತಾಗಿದರೆ ಆ ಕುಲುಕು ಸ್ವರದಲ್ಲಿ ಕೇಳಿಸಿಬಿಡುತ್ತದೆ. ಒಬ್ಬ ಒಂದು ಹೆಜ್ಜೆ ತಪ್ಪಿದರೆ ಕಮಾನಿನಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತದೆ, ಮೇಲಿನ ಸೀಟಿನಲ್ಲಿ ಕೂತ ನನಗೂ.

ಡ್ರಮ್ಮಿನಲ್ಲಿ ಎಲ್ಲರೂ ಸ್ನೇರ್ ನೋಡುತ್ತಾರೆ, ವೇಗ ಅಲ್ಲಿರುವುದರಿಂದ. ನನ್ನ ಪ್ರೀತಿ ಬೇಸ್ ಡ್ರಮ್ಮಿನ ಐವರ ಮೇಲೆ. ಐದೂ ಬೇರೆ ಬೇರೆ ಗಾತ್ರ, ಬೇರೆ ಬೇರೆ ಶ್ರುತಿ. ಒಬ್ಬೊಬ್ಬನ ಪಾಲಿಗೆ ಒಂದೊಂದೇ ಸ್ವರ. ಒಂದು ವೇಗದ ಸಾಲನ್ನು ಐವರಿಗೆ ಹಂಚಿರುತ್ತಾರೆ. ತಕದಿಮಿಯನ್ನು ನಾಲ್ಕು ಜನ ಒಂದೊಂದು ಅಕ್ಷರ ಹಂಚಿಕೊಂಡು, ಒಬ್ಬನೇ ಹೇಳಿದ ಹಾಗೆ ಹೇಳಬೇಕು ಎಂದುಕೊಳ್ಳಿ. ಅದೂ ಕೊನ್ನಕ್ಕೋಲಿನ ಮೂರನೇ ಕಾಲದ ವೇಗದಲ್ಲಿ, ನಡೆದುಕೊಂಡು. ಒಬ್ಬನ ಕೈ ಒಂದು ಎಳೆಯಷ್ಟು ತಡವಾದರೂ ಸಾಲು ಒಡೆಯುತ್ತದೆ. ಒಡೆಯದೆ ಬಂದಾಗ, ಎಡದಿಂದ ಬಲಕ್ಕೆ ಸದ್ದು ಉರುಳಿಕೊಂಡು ಹೋಗುವುದು ಕಣ್ಣಿಗೂ ಕಾಣುತ್ತದೆ. ಒಳ್ಳೆಯ ತನಿ ಆವರ್ತನಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟವಾಗದ್ದೂ ಇದೆ. 2004ರಲ್ಲಿ ಮೈಕಿಗೆ, 2009ರಲ್ಲಿ ಸಿಂಥಸೈಜರಿನಂಥ ಎಲೆಕ್ಟ್ರಾನಿಕ್ ವಾದ್ಯಗಳಿಗೆ ಅನುಮತಿ ಕೊಟ್ಟರು. ಮರಿಂಬಾದ ಸೂಕ್ಷ್ಮ ಮೈಕಿಲ್ಲದೆ ಸ್ಟೇಡಿಯಂನಲ್ಲಿ ಕೇಳುತ್ತಿರಲಿಲ್ಲ, ಅದು ಒಳ್ಳೆಯದಾಯಿತು. ಆದರೆ ಕೆಲವು ತಂಡಗಳು ಸಿಂಥಸೈಜರಿನ ಮಂದ್ರವನ್ನು ಎಷ್ಟು ಏರಿಸುತ್ತವೆಂದರೆ ಟ್ಯೂಬಾ ಹೊತ್ತವರ ದುಡಿಮೆ ಅದರಡಿ ಹೂತುಹೋಗುತ್ತದೆ. ಮೂವತ್ತು ನಲವತ್ತು ಪೌಂಡ್ ಹೆಗಲ ಮೇಲಿಟ್ಟುಕೊಂಡು ಓಡುವ ಮಕ್ಕಳ ಉಸಿರಿಗೆ ಸ್ಪೀಕರು ಅಡ್ಡ ಬರಬಾರದು. ಮುಚ್ಚಿದ ಛಾವಣಿಯ ಕೆಳಗೆ ಸದ್ದು ಹಿಂದಿನ ಗೋಡೆಗೆ ಬಡಿದು ವಾಪಸು ಬರುವುದೂ ಒಂದು ತೊಂದರೆ. ಕಿವಿಯ ದೃಷ್ಟಿಯಿಂದ ಬಯಲು ಸ್ಟೇಡಿಯಂ ಉತ್ತಮ. ಖರ್ಚು ಇನ್ನೊಂದು. ಸಾವಿರಾರು ಡಾಲರ್ ಶುಲ್ಕ ಕೊಟ್ಟು ಸೇರಬೇಕಾದ್ದರಿಂದ ಯೋಗ್ಯತೆ ಇದ್ದೂ ಬರಲಾಗದ ಮಕ್ಕಳಿದ್ದಾರೆ. ನಿಮ್ಮ ಅಕ್ಕನ ಆತಂಕ ಅದರ ಬಗ್ಗೆ ಇದ್ದರೆ ಅದು ನ್ಯಾಯವಾದ ಆತಂಕ. ಸಹಾಯಧನ ಕೊಡುತ್ತಾರಾ ಎಂದು ಆ ತಂಡವನ್ನೇ ಕೇಳಲಿ.

ಅಂಕದ ವಿಷಯ. ಒಟ್ಟು 100: ಒಟ್ಟಾರೆ ಪರಿಣಾಮಕ್ಕೆ 40, ದೃಶ್ಯಕ್ಕೆ 30, ಸಂಗೀತಕ್ಕೆ 30. ಸೆಕೆಂಡಿನ ಓಟದ ಹಾಗೆ ದಶಾಂಶದ ಮೂರನೇ ಸ್ಥಾನದವರೆಗೆ ಬರೆಯುತ್ತಾರೆ. ಕಲೆಗೆ ಇಂಥ ಅಂಕ ಸಲ್ಲದು ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಆದರೂ ಆ ರಾತ್ರಿ ಹನ್ನೆರಡೂ ತಂಡಗಳು ಮೈದಾನ ತುಂಬಿ ನಿಂತು ಕಾಯುತ್ತಿದ್ದಾಗ ನಾನೂ ಉಸಿರು ಬಿಗಿಹಿಡಿದೆ. ಕ್ಯಾರೊಲೈನಾ ಕ್ರೌನ್ ಮೂರನೆಯದು. ಬ್ಲೂ ಡೆವಿಲ್ಸ್ 97.250. ಬ್ಲೂಕೋಟ್ಸ್ 97.650. ನಲವತ್ತನಾಲ್ಕು ವರ್ಷ ಕಾದು ಬಂದ ಮೊದಲ ಪ್ರಶಸ್ತಿ. ನನ್ನ ಪಕ್ಕದಲ್ಲಿ ಕೂತಿದ್ದ, ಆ ತನಕ ಒಂದು ಮಾತೂ ಆಡದಿದ್ದ ಅರವತ್ತರ ಹೆಂಗಸೊಬ್ಬರು ನನ್ನ ತೋಳು ಹಿಡಿದುಕೊಂಡು ಅತ್ತರು. ಅವರು ಯಾರೆಂದು ಈಗಲೂ ಗೊತ್ತಿಲ್ಲ.

ಕೆಳಗೆ ಮೈದಾನದಲ್ಲಿ ಅಳುತ್ತಿದ್ದವರು ಗೆದ್ದವರು ಮಾತ್ರ ಅಲ್ಲ. ಹತ್ತನೆಯವರೂ ಹನ್ನೆರಡನೆಯವರೂ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದರು. ವಯಸ್ಸು ಮುಗಿದವರನ್ನು ಏಜ್‌ಔಟ್ ಎನ್ನುತ್ತಾರೆ. ಅವರಿಗೆ ಅದು ಕೊನೆಯ ರಾತ್ರಿ. ಉಳಿದವರಿಗೂ ಆ ಹನ್ನೆರಡು ನಿಮಿಷ ಮತ್ತೆ ಸಿಗುವುದಿಲ್ಲ. ನಮ್ಮ ಸಂಗೀತಗಾರರು ಒಂದು ಕೃತಿಯನ್ನು ಐವತ್ತು ವರ್ಷ ಹಾಡಿ ಮಾಗಿಸುತ್ತಾರೆ, ಅದು ಒಂದು ದಾರಿ. ಇವರು ಒಂದನ್ನು ಒಂದೇ ಬೇಸಿಗೆಯಲ್ಲಿ ಮಾಗಿಸಿ, ಅತ್ಯಂತ ಚೆನ್ನಾಗಿ ಬಂದ ರಾತ್ರಿಯೇ ಬಿಟ್ಟುಕೊಡುತ್ತಾರೆ. ನಿಮ್ಮ ಅಕ್ಕನ ಮಗ ಹಟ ಹಿಡಿದಿರುವುದು ಇದಕ್ಕೇ ಇರಬೇಕು. ಇಂಟರ್ನ್‌ಶಿಪ್ ಇಪ್ಪತ್ತಮೂರರಲ್ಲೂ ಸಿಕ್ಕೀತು, ಇದು ಸಿಗುವುದಿಲ್ಲ. ಅವನಿಗೆ ಎಷ್ಟು ವಯಸ್ಸು ಎಂದು ನೀವು ಬರೆದಿಲ್ಲ. ಇಪ್ಪತ್ತೊಂದು ಆಗಿದ್ದರೆ ಬಹುಶಃ ಇದೇ ಅವನ ಕೊನೆಯ ಬೇಸಿಗೆ.

ಅಕ್ಕ ಅಲ್ಲಿಗೆ ಹೋಗುವುದಿದ್ದರೆ ಜೂನ್ ಕೊನೆಯಿಂದ ಆಗಸ್ಟಿನ ಎರಡನೇ ವಾರದೊಳಗೆ ಹೋಗಲಿ. ಟಿಕೆಟ್ ತೆಗೆಯುವಾಗ ಮುಂದಿನ ಸಾಲು ಬೇಡ, ಅಲ್ಲಿಂದ ವಿನ್ಯಾಸ ಏನೂ ಕಾಣುವುದಿಲ್ಲ. 50 ಗಜದ ಗೆರೆಗೆ ನೇರವಾಗಿ, ಆದಷ್ಟು ಎತ್ತರದಲ್ಲಿ ಕೂರಲಿ. ಪ್ರದರ್ಶನಕ್ಕೆ ಎರಡು ಗಂಟೆ ಮುಂಚೆ ಸ್ಟೇಡಿಯಂ ಹೊರಗಿನ ಪಾರ್ಕಿಂಗ್ ಜಾಗಕ್ಕೆ ಹೋದರೆ ಡ್ರಮ್‌ಲೈನ್‌ಗಳು ಕಮಾನಾಗಿ ನಿಂತು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿರುತ್ತವೆ, ಹತ್ತಡಿ ದೂರದಲ್ಲಿ ನಿಂತು ಕೇಳಬಹುದು. ಹುಡುಗ ತಾಲೀಮಿನಲ್ಲಿರುವ ದಿನ ನೋಡಲು ಹೋದರೆ ನೀರು, ಸನ್‌ಸ್ಕ್ರೀನ್, ಒಂದಿಷ್ಟು ಒಣ ಕಾಲುಚೀಲ ತೆಗೆದುಕೊಂಡು ಹೋಗಲಿ. ಅವನ ಜೊತೆ ಮಲಗುವ ಹುಡುಗರಿಗೂ ಸಾಲುವಷ್ಟು.